ಎತ್ತಿಟ್ಟ ಬೀಜದ ಲೆಕ್ಕ

ಹಾವೇರಿಯಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗಾಗಿ ಒಂದು ಕಾರ್ಯಾಗಾರ ಏರ್ಪಾಡಾಗಿತ್ತು. ನನಗೆ ವಹಿಸಿದ್ದ ವಿಷಯ ಬೆಳಕಿನ ವಕ್ರೀಭವನ. ಊಟದ ಹೊತ್ತಿನಲ್ಲಿ ಬ್ಯಾಡಗಿ ಕಡೆಯ ಶಿಕ್ಷಕರೊಬ್ಬರು, ತಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಅವಳ ಮಾತಿನಲ್ಲೇ ಅದು ಹೀಗಿತ್ತು:

“ಸರ್, ನಮ್ಮ ಅಜ್ಜ ಬ್ಯಾಡಗಿ ಮೆಣಸಿನಕಾಯಿ ಬೀಜ ತಾನ ಎತ್ತಿಡತಾನ. ಪ್ರತಿ ವರ್ಷ ಬಿತ್ತಿದ್ರೂ ಅದ ಕಾಯಿ ಬರತೈತಿ. ಅಂಗಡಿಯಿಂದ ತಂದ ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟು ಹಾಕಿದ್ರ ಒಂದೊಂದು ಗಿಡ ಒಂದೊಂದು ನಮೂನಿ ಬರತಾವು. ಕಂಪನಿಯವ್ರು ಬೀಜದಾಗ ಏನರ ಹಾಕಿರತಾರೇನ್ರಿ?”

“ಹೈಬ್ರಿಡ್ ಬೀಜ ಹಾಗೆಯೇ, ಎರಡನೆಯ ಸಲ ಬರುವುದಿಲ್ಲ” ಎಂದು ಹೇಳಿ ಶಿಕ್ಷಕರು ಮುಂದೆ ಸಾಗಿದ್ದರು. ಅದು ಉತ್ತರವಲ್ಲ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹೇಳಿದ್ದು ಎಂಬುದು ಅವರಿಗೂ ಗೊತ್ತಿತ್ತು. ವಿಶೇಷವೆಂದರೆ, ಅದೇ ವಾರ ಅದೇ ತರಗತಿಗೆ ಅವರು ಮೆಂಡಲನ ಬಟಾಣಿ ಗಿಡಗಳ ಪಾಠ ಮುಗಿಸಿದ್ದರು. ಕರಿಹಲಗೆಯ ಮೇಲೆ ಚೌಕ ಬರೆದು 3:1 ಅನುಪಾತವನ್ನು ತೋರಿಸಿಯೂ ಇದ್ದರು. ಹುಡುಗಿಯ ಪ್ರಶ್ನೆಗೆ ಉತ್ತರ ಆ ಚೌಕದೊಳಗೇ ಇತ್ತು. ಆದರೆ ಪಾಠದ ಬಟಾಣಿಗೂ ಹೊಲದ ಮೆಣಸಿನಕಾಯಿಗೂ ಸಂಬಂಧವಿದೆ ಎಂದು ಇಬ್ಬರಿಗೂ ತೋರಲಿಲ್ಲ.

ನಾನು ಭೌತವಿಜ್ಞಾನದ ಅಧ್ಯಾಪಕ. ಆನುವಂಶೀಯತೆ ನನ್ನ ಕ್ಷೇತ್ರವಲ್ಲ. ಆದರೆ ಈ ಪ್ರಶ್ನೆಯ ತಿರುಳು ಸಂಭಾವ್ಯತೆಯ ಲೆಕ್ಕ. ಆ ಲೆಕ್ಕವನ್ನು ನಾವು ಅಣುಗಳಿಗೆ, ವಿಕಿರಣಶೀಲ ಧಾತುಗಳಿಗೆ ದಿನವೂ ಮಾಡುತ್ತೇವೆ. ಆ ಧೈರ್ಯದ ಮೇಲೆ, ನೀವು ನಿಮ್ಮ ತರಗತಿಯಲ್ಲಿ ಬಳಸಬಹುದಾದ ರೀತಿಯಲ್ಲಿ, ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣೆದುರಿನ ಪ್ರಯೋಗಶಾಲೆ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಮಕ್ಕಳಿಗೆ ಆನುವಂಶೀಯತೆಯನ್ನು ಪುಸ್ತಕದಿಂದ ಕಲಿಸುವ ಅಗತ್ಯ ಕಡಿಮೆ. ರಾಣೇಬೆನ್ನೂರು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಹತ್ತಿಗಳ ಸಂಕರಣ ಬೀಜೋತ್ಪಾದನೆ ಹಲವು ದಶಕಗಳಿಂದ ನಡೆಯುತ್ತಿದೆ. ‘ಸೀಡ್ ಪ್ಲಾಟ್’, ‘ಕ್ರಾಸಿಂಗ್’ ಎಂಬ ಮಾತುಗಳು ಅಲ್ಲಿನ ಮನೆಮಾತು. ಮರುದಿನ ಅರಳಲಿರುವ ಮೊಗ್ಗನ್ನು ಬಿಡಿಸಿ, ಅದರೊಳಗಿನ ಕೇಸರಗಳನ್ನು ಕಿತ್ತು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ಸಾಲಿನ ‘ಗಂಡು’ ಗಿಡದ ಪರಾಗವನ್ನು ಅದರ ಶಲಾಕಾಗ್ರಕ್ಕೆ ಮುಟ್ಟಿಸಿ, ಗುರುತು ಕಟ್ಟುತ್ತಾರೆ. ಮೆಂಡಲ್ ತನ್ನ ತೋಟದಲ್ಲಿ ಮಾಡಿದ್ದೂ ಇದೇ ಕೆಲಸ. ಅವನು ಮುಂದಿನ ಪೀಳಿಗೆಗಳನ್ನೂ ಎಣಿಸಿದ, ನಮ್ಮ ಸೀಡ್ ಪ್ಲಾಟಿನಲ್ಲಿ ಎಣಿಕೆ ಮೊದಲ ಪೀಳಿಗೆಗೆ ನಿಲ್ಲುತ್ತದೆ.

ಈ ಕೆಲಸಕ್ಕೆ ನಮ್ಮ ಭಾಗದಲ್ಲಿ ದೊಡ್ಡ ಪರಂಪರೆಯೇ ಇದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಸಂಕರಿಸಿ ‘ವರಲಕ್ಷ್ಮಿ’ಯನ್ನು ರೂಪಿಸಿದರು. ಉದ್ದನೆಯ ನೂಲೆಳೆಯ ಈ ಹತ್ತಿಯ ಬೀಜವನ್ನು ಪ್ರತಿ ವರ್ಷ ಕೈಯಿಂದಲೇ ಹೊಸದಾಗಿ ಸಂಕರಿಸಿ ತಯಾರಿಸಬೇಕಾಗಿತ್ತು. ಪ್ರತಿ ವರ್ಷ ಏಕೆ? ಹುಡುಗಿಯ ಪ್ರಶ್ನೆಯೂ ಇದೇ.

ಮೆಂಡಲ್ ಎಣಿಸಿದ್ದು

ಗ್ರೆಗೊರ್ ಮೆಂಡಲ್ (1822–1884) ಕ್ರೈಸ್ತ ಸನ್ಯಾಸಿ ಎಂಬುದು ಎಲ್ಲರಿಗೂ ಗೊತ್ತು. ಆತ 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಮತ್ತು ಗಣಿತವನ್ನು ಓದಿದ್ದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆಗ ಅಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರಲ್ಲಿ ಒಬ್ಬ, ಡಾಪ್ಲರ್ ಪರಿಣಾಮದಿಂದ ನಮಗೆ ಪರಿಚಿತನಾದ ಕ್ರಿಶ್ಚಿಯನ್ ಡಾಪ್ಲರ್. ಗಿಡಗಳನ್ನು ವರ್ಣಿಸುವುದಷ್ಟೇ ಸಾಲದು, ಎಣಿಸಬೇಕು ಎಂಬ ಅಭ್ಯಾಸ ಮೆಂಡಲನಿಗೆ ಆ ಓದಿನಿಂದ ಬಂದಿರಬೇಕು.

ದುಂಡು ಬೀಜದ ಬಟಾಣಿಯನ್ನೂ ಸುಕ್ಕು ಬೀಜದ ಬಟಾಣಿಯನ್ನೂ ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಸುಕ್ಕು ಮಾಯವಾದಂತೆ ಕಂಡಿತು. ಆ ಬೀಜಗಳನ್ನು ಬಿತ್ತಿ, ತಮ್ಮ ಪರಾಗದಿಂದಲೇ ಕಾಯಿ ಕಟ್ಟಲು ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು ಬೀಜಗಳು ಸಿಕ್ಕವು. ಭಾಗಿಸಿ ನೋಡಿ: 2.96ಕ್ಕೆ 1. ಹಳದಿ–ಹಸಿರು ಬೀಜಗಳಲ್ಲಿ 6,022ಕ್ಕೆ 2,001, ಅಂದರೆ 3.01ಕ್ಕೆ 1. ಮಾಯವಾಗಿದ್ದ ಗುಣ ಮತ್ತೆ ಬಂತು, ಅದೂ ಲೆಕ್ಕ ಹಾಕಿದಂತೆ ನಾಲ್ಕರಲ್ಲಿ ಒಂದು ಪಾಲು.

ಮೆಂಡಲ್ ಇದಕ್ಕೆ ಕೊಟ್ಟ ವಿವರಣೆ ಸರಳ. ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯದು, ಇನ್ನೊಂದು ತಂದೆಯದು. ಗಿಡ ತನ್ನ ಪರಾಗವನ್ನೋ ಅಂಡವನ್ನೋ ಮಾಡುವಾಗ ಈ ಎರಡು ಪ್ರತಿಗಳು ಬೇರ್ಪಡುತ್ತವೆ. ಯಾವುದಾದರೂ ಒಂದು ಮಾತ್ರ ಮುಂದಕ್ಕೆ ಹೋಗುತ್ತದೆ, ಯಾವುದು ಎಂಬುದು ಆಕಸ್ಮಿಕ. 1865ರಲ್ಲಿ ಬ್ರನೊ ನಗರದಲ್ಲಿ ಓದಿ, 1866ರಲ್ಲಿ ಪ್ರಕಟಿಸಿದ ಈ ವಿಚಾರವನ್ನು ಜಗತ್ತು ಗಮನಿಸಿದ್ದು 1900ರಲ್ಲಿ, ಅವನು ತೀರಿಕೊಂಡ 16 ವರ್ಷಗಳ ನಂತರ. ಅವನು ಊಹಿಸಿದ ಆ ‘ಪ್ರತಿ’ಗಳನ್ನೇ ನಾವು ಇಂದು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ. ಅವು ವರ್ಣತಂತುಗಳ ಮೇಲಿನ ಡಿಎನ್‌ಎ ಭಾಗಗಳು. ಮೆಣಸಿನಗಿಡದ ಪ್ರತಿ ಜೀವಕೋಶದಲ್ಲಿ ಇಂಥ 12 ಜೊತೆ ವರ್ಣತಂತುಗಳಿವೆ.

ಇಲ್ಲಿ ಶಿಕ್ಷಕರಿಗೆ ಒಂದು ಮಾತು. ಪಾಠದಲ್ಲಿ ಬರುವ ‘ಪ್ರಬಲ’, ‘ದುರ್ಬಲ’ ಎಂಬ ಪದಗಳು ಮಕ್ಕಳನ್ನು ದಾರಿ ತಪ್ಪಿಸುತ್ತವೆ. ದುರ್ಬಲ ಗುಣ ಎಂದರೆ ಶಕ್ತಿಯಿಲ್ಲದ್ದು, ಕ್ರಮೇಣ ಅಳಿದುಹೋಗುವುದು ಎಂದು ಅವರು ತಿಳಿಯುತ್ತಾರೆ. ಅದು ಅಡಗಿರುವ ಗುಣ, ಅಷ್ಟೆ. ಅಡಗಿದ್ದು ಅಳಿಯುವುದಿಲ್ಲ. ಒಂದಕ್ಕೊಂದು ಬೆರೆತು ಕರಗುವುದೂ ಇಲ್ಲ. ಹಾಲಿಗೆ ನೀರು ಬೆರೆಸಿದರೆ ಮತ್ತೆ ಬೇರೆ ಮಾಡಲಾಗದು. ಆದರೆ ಜೋಳದ ಕಾಳಿಗೆ ಹೆಸರುಕಾಳು ಬೆರೆಸಿದರೆ ಎಷ್ಟು ಹೊತ್ತಿಗಾದರೂ ಆರಿಸಿ ತೆಗೆಯಬಹುದು. ಆನುವಂಶೀಯತೆ ಎರಡನೆಯ ಬಗೆಯದು.

ಎರಡು ನಾಣ್ಯಗಳು

ಈಗ ಮೆಣಸಿನಕಾಯಿಗೆ ಬರೋಣ. ಹಣ್ಣಾದ ಕಾಯಿಯ ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀನ್ ಕೆಲಸ ಮಾಡದಿದ್ದರೆ ಕಾಯಿ ಹಳದಿಯಲ್ಲೇ ನಿಲ್ಲುತ್ತದೆ. ಕೆಲಸ ಮಾಡುವ ರೂಪವನ್ನು ‘ಕೆ’ ಎಂದೂ ಕೆಲಸ ಮಾಡದ ರೂಪವನ್ನು ‘ಹ’ ಎಂದೂ ಕರೆಯೋಣ. ಕೆಕೆ ಇದ್ದರೆ ಕಾಯಿ ಕೆಂಪು. ಕೆಹ ಇದ್ದರೂ ಕೆಂಪು, ಏಕೆಂದರೆ ಕೆಲಸ ಮಾಡುವ ಒಂದು ಪ್ರತಿ ಸಾಕು. ಹಹ ಇದ್ದರೆ ಮಾತ್ರ ಹಳದಿ.

ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಎರಡು ನಾಣ್ಯ ಕೊಡಿ. ಸಿಂಹದ ಮುಖ ಬಿದ್ದರೆ ‘ಕೆ’, ಅಂಕಿಯ ಮುಖ ಬಿದ್ದರೆ ‘ಹ’. ಒಂದು ನಾಣ್ಯ ಅಂಡ, ಇನ್ನೊಂದು ಪರಾಗ. ಎರಡನ್ನೂ ಒಟ್ಟಿಗೆ ಚಿಮ್ಮಿದರೆ ಒಂದು ಬೀಜ ಹುಟ್ಟಿದಂತೆ. ನಲವತ್ತು ಮಕ್ಕಳು ತಲಾ 10 ಸಲ ಚಿಮ್ಮಿದರೆ 400 ಬೀಜಗಳಾದವು. ಅವುಗಳಲ್ಲಿ ಸುಮಾರು 100 ಹಹ ಬರಬೇಕು. ಸರಿಯಾಗಿ 100 ಬರುವುದು ಅಪರೂಪ. 83ರಿಂದ 117ರೊಳಗೆ ಬರುವ ಸಂಭವ 95%ರಷ್ಟು. ಇದರ ಹೊರಗೆ ಬಂದರೆ ಮೊದಲು ನಾಣ್ಯಗಳನ್ನು ಪರೀಕ್ಷಿಸಿ, ಮೆಂಡಲನನ್ನಲ್ಲ.

ಈ ಆಟದಿಂದ ಮಕ್ಕಳಿಗೆ ಎರಡು ವಿಷಯಗಳು ತಿಳಿಯಬೇಕು. ಮೊದಲನೆಯದು, 3:1 ಎಂಬುದು ದೊಡ್ಡ ಸಂಖ್ಯೆಯ ನಿಯಮ. ನಾಲ್ಕೇ ಬೀಜ ಬಿತ್ತಿದರೆ ಅವುಗಳಲ್ಲಿ ಸರಿಯಾಗಿ ಒಂದು ಹಳದಿ ಬರುವ ಸಂಭವ 42% ಮಾತ್ರ. ಒಂದೂ ಬಾರದಿರುವ ಸಂಭವ 32%. ಎರಡನೆಯದು, ನಾಣ್ಯಕ್ಕೆ ನೆನಪಿಲ್ಲ. ಈ ಸಲ ಹಹ ಬಂತೆಂದು ಮುಂದಿನ ಮೂರು ಸಲ ಬಾರದೇ ಇರುವುದಿಲ್ಲ. ಈ ಎರಡನೆಯ ಮಾತು ಹೊಲಕ್ಕಿಂತ ಹೆಚ್ಚಾಗಿ ಮನೆಗೆ ಅನ್ವಯಿಸುತ್ತದೆ. ಅದನ್ನು ಕೊನೆಯಲ್ಲಿ ನೋಡೋಣ.

ಹೈಬ್ರಿಡ್ ಬೀಜಕ್ಕೆ ಏನಾಗುತ್ತದೆ?

ಹೈಬ್ರಿಡ್ ಬೀಜ ಎಂದರೆ ಎರಡು ಶುದ್ಧ ತಳಿಗಳನ್ನು ಸಂಕರಿಸಿ ಪಡೆದ ಮೊದಲ ಪೀಳಿಗೆಯ ಬೀಜ. ಅದರ ಎಲ್ಲ ಗಿಡಗಳಲ್ಲೂ ಜೋಡಿಗಳು ಒಂದೇ ರೀತಿ: ತಾಯಿಯದೊಂದು, ತಂದೆಯದೊಂದು. ಆದ್ದರಿಂದ ಹೊಲವೆಲ್ಲ ಒಂದೇ ಸಮನಾಗಿ ಕಾಣುತ್ತದೆ. ಬೇರೆ ಬೇರೆ ಪ್ರತಿಗಳು ಜೊತೆಯಾದ ಗಿಡ ಎಷ್ಟೋ ಸಲ ಎರಡು ಹೆತ್ತ ತಳಿಗಳಿಗಿಂತಲೂ ಹುಲುಸಾಗಿ ಬೆಳೆಯುತ್ತದೆ. ಇದನ್ನು ಸಂಕರ ಚೈತನ್ಯ ಎನ್ನುತ್ತಾರೆ. ರೈತ ಹೆಚ್ಚು ಹಣ ಕೊಡುವುದು ಇದಕ್ಕೇ.

ಆ ಗಿಡದ ಬೀಜ ಎತ್ತಿಟ್ಟು ಬಿತ್ತಿದಿರೆನ್ನಿ. ಈಗ ಪ್ರತಿ ಜೀನಿಗೂ ನಾಣ್ಯಗಳು ಚಿಮ್ಮಿದವು. ಒಂದು ಜೀನನ್ನಷ್ಟೇ ತೆಗೆದುಕೊಂಡರೆ, ಹೈಬ್ರಿಡ್ ಗಿಡದಂತೆಯೇ ‘ಮಿಶ್ರ ಜೋಡಿ’ ಇರುವ ಮರಿಗಿಡಗಳು ಅರ್ಧ ಮಾತ್ರ. ಎರಡು ತಳಿಗಳ ನಡುವೆ 10 ಸ್ವತಂತ್ರ ಜೀನ್‌ಗಳಲ್ಲಿ ವ್ಯತ್ಯಾಸವಿದ್ದರೆ, ಹತ್ತರಲ್ಲೂ ತಾಯಿಗಿಡವನ್ನೇ ಹೋಲುವ ಮರಿಗಿಡ ಸಿಗುವ ಸಂಭವ ½ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 1,024ರಲ್ಲಿ ಒಂದು. ನಿಜವಾದ ತಳಿಗಳ ನಡುವೆ ವ್ಯತ್ಯಾಸ ಹತ್ತಕ್ಕೆ ನಿಲ್ಲುವುದಿಲ್ಲ. ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಕಾಯಿ ಉದ್ದ, ಇನ್ನೊಂದರದು ದಪ್ಪ. ಒಂದಕ್ಕೆ ರೋಗ ತಡೆಯುವ ಶಕ್ತಿ ಇದೆ, ಪಕ್ಕದ್ದಕ್ಕಿಲ್ಲ. ಹುಡುಗಿ ಹೇಳಿದ ‘ಒಂದೊಂದು ನಮೂನಿ’ ಇದೇ. ಮಿಶ್ರ ಜೋಡಿಗಳು ಸರಾಸರಿ ಅರ್ಧಕ್ಕೆ ಇಳಿಯುವುದರಿಂದ ಸಂಕರ ಚೈತನ್ಯವೂ ಕುಗ್ಗುತ್ತದೆ, ಇಳುವರಿಯೂ ಬೀಳುತ್ತದೆ.

2002ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಪಡೆದ ಮೊದಲ ಬಿಟಿ ಹತ್ತಿಯೂ ಈ ಲೆಕ್ಕಕ್ಕೆ ಹೊರತಲ್ಲ. ಬ್ಯಾಕ್ಟೀರಿಯವೊಂದರಿಂದ ತಂದು ಸೇರಿಸಿದ ಜೀನ್ ಆ ಹೈಬ್ರಿಡ್‌ಗೆ ಒಂದೇ ಕಡೆಯ ತಳಿಯಿಂದ ಬಂದಿತ್ತು. ಅಂಥ ಗಿಡದ ಬೀಜ ಎತ್ತಿಟ್ಟರೆ ನಾಲ್ಕರಲ್ಲಿ ಒಂದು ಗಿಡಕ್ಕೆ ಆ ಜೀನ್ ಇರುವುದೇ ಇಲ್ಲ. ಜೀನ್ ಪ್ರಯೋಗಶಾಲೆಯಿಂದ ಬಂದಿರಲಿ, ಹೊಲದಲ್ಲೇ ಇದ್ದುದಾಗಿರಲಿ, ಮೆಂಡಲನ ನಿಯಮಕ್ಕೆ ಭೇದವಿಲ್ಲ.

ಕಂಪನಿಯವರು ಬೀಜದಲ್ಲಿ ಏನಾದರೂ ಹಾಕಿರುತ್ತಾರೆಯೇ? ಈ ಅನುಮಾನಕ್ಕೂ ಹಿನ್ನೆಲೆ ಇದೆ. ಮೊಳೆಯದ ಬೀಜ ಕೊಡುವಂತೆ ಗಿಡವನ್ನು ಮಾರ್ಪಡಿಸುವ ವಿಧಾನಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ‘ಟರ್ಮಿನೇಟರ್’ ಎಂದು ಹೆಸರಾದ ಆ ತಂತ್ರದ ಸುದ್ದಿ ನಮ್ಮ ರೈತರಲ್ಲೂ ದಿಗಿಲು ಹುಟ್ಟಿಸಿತ್ತು. ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕುರಿತ ನಮ್ಮ 2001ರ ಕಾನೂನು, ಅಂಥ ತಂತ್ರವಿರುವ ತಳಿಯನ್ನು ನೋಂದಾಯಿಸಬಾರದು ಎನ್ನುತ್ತದೆ. ರೈತ ತನ್ನ ಬೆಳೆಯ ಬೀಜವನ್ನು ಎತ್ತಿಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಬ್ರಾಂಡ್ ಹೆಸರು ಹಾಕದೆ ಮಾರುವ ಹಕ್ಕನ್ನೂ ಅದೇ ಕಾನೂನು ಕೊಟ್ಟಿದೆ. ಇನ್ನು ಹುಡುಗಿಯ ಅನುಭವವನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳಿ. ಅವಳ ಬೀಜ ಮೊಳೆಯಿತು, ಗಿಡವಾಯಿತು, ಕಾಯಿಯನ್ನೂ ಬಿಟ್ಟಿತು. ಯಾರೂ ಅದನ್ನು ಕೆಡಿಸಿರಲಿಲ್ಲ. ಅದರೊಳಗೆ ಜೋಡಿಗಳು ಬೇರ್ಪಟ್ಟಿದ್ದವು.

ಅಜ್ಜನ ಬೀಜ ಏಕೆ ಹಾಗೇ ಬರುತ್ತದೆ?

ಪ್ರಶ್ನೆಯ ಉಳಿದರ್ಧ ಇದು. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡದಲ್ಲಿ ಮಿಶ್ರ ಜೋಡಿಗಳ ಪಾಲು ಪ್ರತಿ ಪೀಳಿಗೆಗೆ ಅರ್ಧವಾಗುತ್ತದೆ: ½, ¼, ⅛, ಹೀಗೆ. ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯದ ಪಾಠವನ್ನು ನೆನಪಿಸಿಕೊಳ್ಳಿ. ಅಲ್ಲಿ ಗಡಿಯಾರ ವರ್ಷಗಳದು, ಇಲ್ಲಿ ಪೀಳಿಗೆಗಳದು. ಏಳು ಪೀಳಿಗೆ ಕಳೆದರೆ ಉಳಿಯುವುದು 128ರಲ್ಲಿ ಒಂದು ಪಾಲು, ಅಂದರೆ ಶೇಕಡಾ ಒಂದಕ್ಕಿಂತ ಕಡಿಮೆ. ಜೋಡಿಯ ಎರಡೂ ಪ್ರತಿಗಳು ಒಂದೇ ಆದಮೇಲೆ ನಾಣ್ಯ ಹೇಗೆ ಬಿದ್ದರೂ ಫಲಿತಾಂಶ ಒಂದೇ.

ಅಜ್ಜ ಕಣದಲ್ಲಿ ಕುಳಿತು ಒಳ್ಳೆಯ ಬಣ್ಣದ, ಚೆನ್ನಾಗಿ ಸುಕ್ಕುಗಟ್ಟಿದ ಕಾಯಿಗಳನ್ನು ಆರಿಸಿ ಬೀಜಕ್ಕೆಂದು ತೆಗೆದಿಡುವಾಗ ಮಾಡುತ್ತಿರುವುದು ಇನ್ನೊಂದು ಮುಖ್ಯ ಕೆಲಸ. ತನಗೆ ಬೇಡವಾದ ಪ್ರತಿಗಳನ್ನು ಪ್ರತಿ ವರ್ಷ ಹೊರಗೆ ಹಾಕುತ್ತಿದ್ದಾನೆ. ಇಂಥ ಎಷ್ಟೋ ಅಜ್ಜ–ಅಜ್ಜಿಯರ ಆಯ್ಕೆಯ ಫಲ ನಮ್ಮ ಬ್ಯಾಡಗಿ ಡಬ್ಬಿ ಮತ್ತು ಬ್ಯಾಡಗಿ ಕಡ್ಡಿ: ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಗೌರವ ಸಂದದ್ದು ಈ ಆಯ್ಕೆಗೂ ಹೌದು.

ಆದರೆ ಒಂದು ಎಚ್ಚರಿಕೆ. ಮೆಣಸಿನಗಿಡ ಬಟಾಣಿಯಂತೆ ಕಟ್ಟುನಿಟ್ಟಾಗಿ ಸ್ವಕೀಯ ಪರಾಗಸ್ಪರ್ಶ ಮಾಡುವುದಿಲ್ಲ. ಜೇನುಹುಳ ಮತ್ತಿತರ ಕೀಟಗಳು ಪಕ್ಕದ ಹೊಲದ ಪರಾಗವನ್ನು ತಂದು ಹಾಕುತ್ತವೆ. ಅದಕ್ಕಾಗಿಯೇ ಪ್ರಮಾಣಿತ ಮೆಣಸಿನಕಾಯಿ ಬೀಜ ಬೆಳೆಯುವ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ 200 ಮೀಟರ್ ಅಂತರವಿರಬೇಕೆಂಬ ನಿಯಮವಿದೆ. ಮೂಲ ಬೀಜಕ್ಕಾದರೆ 400 ಮೀಟರ್. ಅಜ್ಜನ ಹೊಲದ ಬದುವಿನಾಚೆ ಖಾರದ ಹೈಬ್ರಿಡ್ ಬಂದಿದ್ದರೆ, ಅವನ ಬೀಜದ ಶುದ್ಧತೆಗೆ ಅಲ್ಲೇ ಅಪಾಯ. ಹೊಲದ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ಗಿಡಗಳಿಂದ ಬೀಜ ಎತ್ತುವುದು, ಬೀಜಕ್ಕೆ ಗುರುತಿಸಿದ ಗಿಡಗಳಿಗೆ ಮೊಗ್ಗಿನಲ್ಲೇ ತೆಳು ಬಟ್ಟೆಯ ಪರದೆ ಕಟ್ಟುವುದು ಉಪಯುಕ್ತ. ಮಕ್ಕಳು ಇದನ್ನು ಮನೆಯಲ್ಲಿ ಹೇಳಿದರೆ ಪಾಠ ಸಾರ್ಥಕವಾದಂತೆ.

ಮೂರು ವರ್ಷದ ಪ್ರಯೋಗ

ಶಾಲೆಯ ಕೈತೋಟದಲ್ಲೇ ಇದನ್ನು ಮಾಡಿ ನೋಡಬಹುದು. ಮೆಣಸಿನಗಿಡದ ಒಂದು ಪೀಳಿಗೆ ಒಂದು ಶಾಲಾ ವರ್ಷದೊಳಗೆ ಮುಗಿಯುತ್ತದೆ. ಎಂಟನೆಯ ತರಗತಿಯಲ್ಲಿ ಸಂಕರಿಸಿದ ಮಗು ಒಂಬತ್ತರಲ್ಲಿ ಮೊದಲ ಪೀಳಿಗೆಯನ್ನೂ ಹತ್ತರಲ್ಲಿ ಎರಡನೆಯ ಪೀಳಿಗೆಯನ್ನೂ ನೋಡುತ್ತದೆ. ಪಾಠ ಬರುವುದೂ ಆಗಲೇ.

ಬೇಕಾದದ್ದು ಹಳದಿ ದೊಣ್ಣೆ ಮೆಣಸಿನಕಾಯಿ ಮತ್ತು ಮನೆಯ ಬ್ಯಾಡಗಿ ಮೆಣಸಿನಕಾಯಿ. ಪೂರ್ತಿ ಹಳದಿಯಾಗಿ ಹಣ್ಣಾದ ದೊಣ್ಣೆ ಮೆಣಸಿನಕಾಯಿಯ ಬೀಜ ತೆಗೆದು ಸಸಿ ಮಾಡಿ. ಹಳದಿ ಗಿಡ ತಾಯಿಯಾಗಿರಲಿ. ಇದಕ್ಕೆ ಕಾರಣವಿದೆ. ಕೇಸರ ಕೀಳುವಾಗ ಕೈ ತಪ್ಪಿ ಸ್ವಕೀಯ ಪರಾಗಸ್ಪರ್ಶವಾಗಿದ್ದರೆ ಮುಂದಿನ ವರ್ಷ ಆ ಬೀಜದ ಗಿಡ ಹಳದಿ ಕಾಯಿಯನ್ನೇ ಬಿಡುತ್ತದೆ. ಕೆಂಪು ಕಾಯಿ ಬಂದರೆ ಸಂಕರಣ ಸರಿಯಾಗಿದೆ ಎಂದರ್ಥ. ಪ್ರಯೋಗವೇ ತನ್ನ ತಪ್ಪನ್ನು ತೋರಿಸುವಂತೆ ಏರ್ಪಾಡು ಮಾಡುವುದು ಒಳ್ಳೆಯ ಅಭ್ಯಾಸ.

ಮರುದಿನ ಅರಳಲಿರುವ ದುಂಡನೆಯ ಬಿಳಿ ಮೊಗ್ಗನ್ನು ಸಂಜೆ ಆರಿಸಿ, ಸಣ್ಣ ಚಿಮಟದಿಂದ ಕೇಸರಗಳನ್ನೆಲ್ಲ ತೆಗೆಯಿರಿ. ಅವು ಒಡೆದು ಪರಾಗ ಉದುರಿದ್ದರೆ ಆ ಮೊಗ್ಗು ಬೇಡ. ಕಾಗದದ ಸಣ್ಣ ಚೀಲ ತೊಡಿಸಿ. ಮರುದಿನ ಬೆಳಿಗ್ಗೆ ಬ್ಯಾಡಗಿ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ ಸವರಿ, ಮತ್ತೆ ಚೀಲ ತೊಡಿಸಿ, ತೊಟ್ಟಿಗೆ ದಾರ ಕಟ್ಟಿ ತಾರೀಖು ಬರೆಯಿರಿ. ಹತ್ತು ಹೂಗಳಿಗೆ ಮಾಡಿದರೆ ಕೆಲವಾದರೂ ಕಾಯಿ ಕಟ್ಟುತ್ತವೆ.

ಮೊದಲ ವರ್ಷದ ಕಾಯಿಯ ಬಣ್ಣ ಏನಿರುತ್ತದೆ? ಮಕ್ಕಳನ್ನು ಮುಂಚೆಯೇ ಕೇಳಿ, ಉತ್ತರ ಬರೆಸಿಡಿ. ಹೆಚ್ಚಿನವರು ಕೆಂಪು ಎಂದೋ ಕಿತ್ತಳೆ ಎಂದೋ ಹೇಳುತ್ತಾರೆ. ಆದರೆ ಕಾಯಿ ಹಳದಿಯೇ ಆಗುತ್ತದೆ. ಕಾಯಿಯ ಸಿಪ್ಪೆ ಮತ್ತು ತಿರುಳು ತಾಯಿಗಿಡದ ಅಂಗಗಳು. ಪರಾಗದ ಪಾಲು ಸೇರಿರುವುದು ಒಳಗಿನ ಬೀಜದಲ್ಲಿ ಮಾತ್ರ. ಖಾರದ ಗಿಡದ ಪಕ್ಕದಲ್ಲಿ ನೆಟ್ಟರೆ ದೊಣ್ಣೆ ಮೆಣಸಿನಕಾಯಿ ಅದೇ ವರ್ಷ ಖಾರವಾಗುತ್ತದೆ ಎಂಬ ಮಾತು ಅನೇಕ ಕಡೆ ಇದೆ. ಅದು ನಿಜವಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಬೆರಕೆಯ ಪರಿಣಾಮ ಕಾಣುವುದು ಆ ಬೀಜವನ್ನು ಬಿತ್ತಿದ ಮುಂದಿನ ವರ್ಷ.

ಎರಡನೆಯ ವರ್ಷ ಎಲ್ಲ ಗಿಡಗಳಲ್ಲೂ ಕೆಂಪು ಕಾಯಿ. ಅವುಗಳ ಹೂಗಳಿಗೆ ಪರದೆ ಕಟ್ಟಿ, ಸ್ವಂತ ಪರಾಗದಿಂದ ಆದ ಕಾಯಿಗಳ ಬೀಜವನ್ನೇ ಎತ್ತಿಡಿ. ಮೂರನೆಯ ವರ್ಷ ಕೆಲವು ಗಿಡಗಳಲ್ಲಿ ಹಳದಿ ಮತ್ತೆ ಕಾಣಿಸಿಕೊಳ್ಳುತ್ತದೆ. ಎಷ್ಟು ಗಿಡ ಬೆಳೆಸಬೇಕು? 16 ಗಿಡ ಬೆಳೆಸಿದರೆ ಒಂದೂ ಹಳದಿ ಬಾರದಿರುವ ಸಂಭವ 1% ಮಾತ್ರ. ಜಾಗವಿದ್ದರೆ 30 ಬೆಳೆಸಿ, ಅಕ್ಕಪಕ್ಕದ ಎರಡು ಮೂರು ಶಾಲೆಗಳು ಎಣಿಕೆಯನ್ನು ಕೂಡಿಸಿ ನೋಡಲಿ.

ಕಾಯಿಯ ಉದ್ದ, ದಪ್ಪಗಳನ್ನೂ ಅಳತೆಪಟ್ಟಿಯಿಂದ ಅಳೆಸಿ. ಇಲ್ಲಿ 3:1 ಸಿಗುವುದಿಲ್ಲ, ಉದ್ದದಿಂದ ಗಿಡ್ಡದವರೆಗೆ ಎಲ್ಲ ಅಳತೆಗಳೂ ಸಿಗುತ್ತವೆ. ಹಲವು ಜೀನ್‌ಗಳು ಒಟ್ಟಾಗಿ, ಮಣ್ಣು–ನೀರುಗಳ ಪ್ರಭಾವವೂ ಸೇರಿ ಇಂಥ ಗುಣಗಳು ರೂಪುಗೊಳ್ಳುತ್ತವೆ. ಖಾರದಲ್ಲಿ ಎರಡೂ ಬಗೆ ಇವೆ. ಖಾರ ಇದೆಯೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ಒಂದು ಜೀನ್ ನಿರ್ಧರಿಸುತ್ತದೆ. ಇದನ್ನು ಸಂಕರಣದಿಂದ ತೋರಿಸಿದವರಲ್ಲಿ ಭಾರತದ ಆರ್. ಬಿ. ದೇಶಪಾಂಡೆಯವರೂ ಒಬ್ಬರು (1935). ಆ ಜೀನನ್ನು ಗುರುತಿಸಿದ್ದು 2005ರಲ್ಲಿ. ಆದರೆ ಎಷ್ಟು ಖಾರ ಎಂಬುದು ಹಲವು ಜೀನ್‌ಗಳ ಮತ್ತು ಹವಾಮಾನದ ಲೆಕ್ಕ. ಮಕ್ಕಳಿಂದ ಖಾರದ ರುಚಿ ನೋಡಿಸುವುದು ಬೇಡ, ಬಣ್ಣವನ್ನೇ ಎಣಿಸಲಿ.

ಮನುಷ್ಯರ ವಿಷಯಕ್ಕೆ ಬಂದಾಗ

ಗಿಡದಿಂದ ಮನುಷ್ಯರಿಗೆ ಬರುವಾಗ ಹೆಜ್ಜೆ ಎಚ್ಚರಿಕೆಯಿಂದ ಇಡಬೇಕು. ನಾಲಿಗೆಯನ್ನು ಕೊಳವೆಯಂತೆ ಮಡಿಸುವುದು, ಅಂಟಿದ ಕಿವಿಹಾಲೆ ಇವುಗಳನ್ನು ಒಂದೇ ಜೀನಿನ ಗುಣಗಳೆಂದು ತರಗತಿಯಲ್ಲಿ ತೋರಿಸುವ ರೂಢಿ ಇದೆ. ಅದು ಸರಿಯಲ್ಲ. ಎಲ್ಲ ಜೀನ್‌ಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರು ನಾಲಿಗೆ ಮಡಿಸಬಲ್ಲರು, ಇನ್ನೊಬ್ಬರಿಗೆ ಆಗದು ಎಂಬುದು 1952ರಷ್ಟು ಹಿಂದೆಯೇ ಕಂಡುಬಂದಿದೆ. ಕಿವಿಹಾಲೆಯ ಆಕಾರಕ್ಕೂ ಅನೇಕ ಜೀನ್‌ಗಳು ಕಾರಣ. “ಅಪ್ಪ ಅಮ್ಮನಿಗೆ ಬಾರದ್ದು ನನಗೆ ಹೇಗೆ ಬಂತು?” ಎಂದು ಮಗುವೊಂದು ಮನೆಗೆ ಹೋಗಿ ಕೇಳಿದರೆ, ತಪ್ಪು ಪಾಠದಿಂದ ಅಲ್ಲಿ ಸಲ್ಲದ ಅನುಮಾನ ಹುಟ್ಟಬಹುದು. ಇದಕ್ಕೆ ಬದಲು ರಕ್ತದ ಗುಂಪಿನ ಉದಾಹರಣೆ ಕೊಡಿ. ಎ ಗುಂಪಿನ ತಂದೆ, ಬಿ ಗುಂಪಿನ ತಾಯಿಗೆ ಓ ಗುಂಪಿನ ಮಗು ಹುಟ್ಟಬಹುದು. ಇಬ್ಬರಲ್ಲೂ ಓ ಪ್ರತಿ ಅಡಗಿದ್ದರೆ ಸಾಕು.

ಮಗು ಗಂಡೋ ಹೆಣ್ಣೋ ಎಂಬುದೂ ಒಂದು ನಾಣ್ಯವೇ. ಆ ನಾಣ್ಯ ಇರುವುದು ತಂದೆಯ ಕಡೆ. ತಾಯಿ ಯಾವಾಗಲೂ ಎಕ್ಸ್ ವರ್ಣತಂತುವನ್ನೇ ಕೊಡುತ್ತಾಳೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇರುವಾಗ ಈ ಒಂದು ವಾಕ್ಯವನ್ನು ತರಗತಿಯಲ್ಲಿ ಎರಡು ಸಲ ಹೇಳಿದರೂ ತಪ್ಪಿಲ್ಲ.

ಇನ್ನು ಅಡಗಿರುವ ಪ್ರತಿಯ ಮಾತು. ಥಲಸ್ಸೀಮಿಯದಂಥ ರಕ್ತದ ಕಾಯಿಲೆಯ ಒಂದು ಪ್ರತಿ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡಿರಿಬ್ಬರಲ್ಲೂ ಅದು ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. “ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಭಯವಿಲ್ಲ” ಎಂದುಕೊಳ್ಳುವ ತಂದೆತಾಯಿಯರಿದ್ದಾರೆ. ನಾಣ್ಯಕ್ಕೆ ನೆನಪಿಲ್ಲ ಎಂದು ಕಲಿತ ವಿದ್ಯಾರ್ಥಿ ಇಂಥ ಮನೆಯಲ್ಲಿ ಒಂದು ಮಾತು ಹೇಳಬಲ್ಲ. ಇಬ್ಬರ ರಕ್ತಪರೀಕ್ಷೆಯಿಂದ ಇದು ಮುಂಚೆಯೇ ತಿಳಿಯುತ್ತದೆ ಎಂಬುದೂ ಗೊತ್ತಿರಬೇಕು.

ರಕ್ತಸಂಬಂಧದ ಮದುವೆಯಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ಮಗುವಿನ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಹಿರಿಯನ ಒಂದೇ ಪ್ರತಿಯಿಂದ ಬಂದಿರುವ ಸಂಭವ, ಸೋದರಮಾವನನ್ನು ಮದುವೆಯಾದರೆ ⅛, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನಾದರೆ 1/16. ಗಿಡ ತನ್ನ ಪರಾಗದಿಂದಲೇ ಬೀಜ ಕಟ್ಟಿದಾಗ ಅದು ½. ನಿಯಮ ಒಂದೇ, ಅಳತೆ ಬೇರೆ. ಅಜ್ಜನ ಬೀಜಕ್ಕೆ ಒಳ್ಳೆಯದನ್ನು ಮಾಡಿದ ಅದೇ ನಿಯಮ ಮನೆಯಲ್ಲಿ ಅಡಗಿದ್ದ ಕಾಯಿಲೆಯನ್ನು ಹೊರತರಬಹುದು. ಗಿಡಗಳಲ್ಲಿ ಬೇಡವಾದದ್ದನ್ನು ಕಿತ್ತು ಹಾಕಬಹುದು, ಮಕ್ಕಳಲ್ಲಿ ಹಾಗಲ್ಲ. ಇದನ್ನು ಹೇಳುವಾಗ ಒಂದು ಸೂಕ್ಷ್ಮ ಬೇಕು. ಇಂಥ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ನಿಮ್ಮ ತರಗತಿಯಲ್ಲೂ ಅವರಿದ್ದಾರೆ. ಹೇಳಬೇಕಾದದ್ದು ಸಂಭವದ ಲೆಕ್ಕ, ಯಾರ ಮನೆತನದ ತಪ್ಪೂ ಅಲ್ಲ.

ಹುಡುಗಿಗೆ ಈಗ ಉತ್ತರ ಹೇಳಬಹುದು: “ನಿನ್ನ ಬೀಜ ಕೆಟ್ಟಿರಲಿಲ್ಲವಮ್ಮ, ಅದರೊಳಗೆ ಅಡಗಿದ್ದುದು ಹೊರಗೆ ಬಂತು. ನಿಮ್ಮ ಅಜ್ಜ ವರ್ಷಗಟ್ಟಲೆ ಆರಿಸಿ ಆರಿಸಿ, ಅಡಗಲು ಏನೂ ಉಳಿಯದಂತೆ ಮಾಡಿದ್ದಾರೆ.” ಕಾರ್ಯಾಗಾರ ಮುಗಿಸಿ ಹೊರಡುವಾಗ ಆ ಶಿಕ್ಷಕರಿಗೆ ನಾನು ಇಷ್ಟನ್ನೇ ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು, “ಹಂಗಾದ್ರ ಈ ಸಲ ಹಳದಿ ದೊಣ್ಣೆ ಮೆಣಸಿನಕಾಯಿ ಸಸಿ ಮಾಡಬೇಕಾತು” ಎಂದರು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ನೀವೂ ಸಸಿ ಮಾಡಿ. ಎಣಿಸಿದ ಸಂಖ್ಯೆಗಳನ್ನು ಮರೆಯದೆ ಬರೆದಿಡಿ.